ಶುಗರ್ ಇದ್ದವರ ಕಣ್ಣಿಗೆ ಅರಿಶಿನ, ಬೂತಾಯಿ, ನೆಲ್ಲಿಕಾಯಿ: ಎಷ್ಟು, ಹೇಗೆ, ಎಲ್ಲಿಯವರೆಗೆ

ಅರಿಶಿನದ ಮಾತ್ರೆ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಕಣ್ಣಿನ ಹಿಂದಿರುವ ಪರದೆ, ಅಂದರೆ ರೆಟಿನಾ, ಈಗ ಹೇಗಿದೆ ಅಂತ ನೋಡಿಸಿಕೊಳ್ಳಿ.

ನಾನು ಉಡುಪಿಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. "ಅಕ್ಕಾ, ಶುಗರ್ ಇದೆ, ಕಣ್ಣು ಮಂಜು. ಈ ಕರ್ಕ್ಯುಮಿನ್ ಮಾತ್ರೆ ಒಳ್ಳೇದಂತೆ, ಉಂಟಾ?" ಅಂತ ಮೊಬೈಲಿನಲ್ಲಿ ಚಿತ್ರ ತೋರಿಸುವವರು ತುಂಬ ಜನ. ಕರ್ಕ್ಯುಮಿನ್ ಅಂದರೆ ಅರಿಶಿನದಲ್ಲಿರುವ ಹಳದಿ ಸತ್ವ. ನಾನು ಕೇಳುವುದು ಒಂದೇ: "ಕಣ್ಣಿಗೆ ಡ್ರಾಪ್ಸ್ ಹಾಕಿ ಒಳಗೆ ನೋಡಿದ್ದು ಯಾವಾಗ?" ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿದ್ದಾರೆ ಅನ್ನುವವರೇ ಜಾಸ್ತಿ. ನಂಬರ್ ನೋಡುವುದು ಬೇರೆ, ರೆಟಿನಾ ನೋಡುವುದು ಬೇರೆ. ನನ್ನ ಅಮ್ಮನಿಗೂ ಶುಗರ್. ರೆಟಿನಾದ ನಡುಭಾಗದಲ್ಲಿ ನೀರು ತುಂಬಿ ಕಣ್ಣಿಗೆ ಇಂಜೆಕ್ಷನ್ ಆಗುತ್ತಿದೆ. ಹಾಗಾಗಿ ಈ ವಿಷಯ ನನಗೆ ಮನೆಯದ್ದೂ ಹೌದು.

ಟೈಪ್ 2 ಶುಗರ್ ಆದರೆ ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನೋಡಿಸಬೇಕು. ಟೈಪ್ 1 ಆದರೆ ಶುರುವಾದ 5 ವರ್ಷದೊಳಗೆ. ಶುಗರ್ ಇದ್ದವರು ಬಸುರಿಯಾದರೆ ಮೊದಲ ಮೂರು ತಿಂಗಳಲ್ಲೇ. ಕಣ್ಣು ಚೆನ್ನಾಗಿ ಕಾಣುತ್ತಿದೆ ಅಂತ ಬಿಡಬೇಡಿ. ಶುಗರ್‌ನಿಂದ ರೆಟಿನಾಕ್ಕೆ ಬರುವ ಕಾಯಿಲೆ, ಅಂದರೆ ರೆಟಿನೋಪತಿ, ಮೊದಮೊದಲು ಏನೂ ಹೇಳುವುದಿಲ್ಲ, ನೋವೂ ಇಲ್ಲ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ. ಸ್ಕೂಟರ್ ಬೇಡ, ಬಸ್ಸಿನಲ್ಲಿ ಹೋಗಿ, ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ.

ಈಗ ಕಣ್ಣಿನ ವಿಷಯಕ್ಕೆ ಅರಿಶಿನದ ಮಾತು ಎಲ್ಲಿಂದ ಬಂತು ನೋಡೋಣ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದು ಇದ್ದು ರೆಟಿನಾದ ಸಣ್ಣ ರಕ್ತನಾಳಗಳಲ್ಲಿ ಉರಿಯೂತ ಶುರುವಾಗುತ್ತದೆ. ಬಿಳಿ ರಕ್ತಕಣಗಳು ನಾಳದ ಗೋಡೆಗೆ ಅಂಟುತ್ತವೆ. ಗೋಡೆ ಸಡಿಲವಾಗಿ, ತೋಟದ ಹಳೆ ಪೈಪಿನ ಹಾಗೆ ಅಲ್ಲಲ್ಲಿ ಉಬ್ಬಿ ಸೋರುತ್ತದೆ. ರಕ್ತ ಸಾಲದ ಜಾಗದಲ್ಲಿ ವಿಇಜಿಎಫ್ ಅನ್ನುವ ಪ್ರೋಟೀನ್ ಹೆಚ್ಚುತ್ತದೆ. ಅದು ಸೋರಿಕೆಯನ್ನು ಇನ್ನೂ ಹೆಚ್ಚಿಸುತ್ತದೆ, ಗಟ್ಟಿಯಿಲ್ಲದ ಹೊಸ ನಾಳಗಳನ್ನೂ ಬೆಳೆಸುತ್ತದೆ. ಅಮ್ಮನಿಗೆ ಕೊಡುವಂಥ ಇಂಜೆಕ್ಷನ್‌ಗಳು, ರಾನಿಬಿಜುಮಾಬ್, ಅಫ್ಲಿಬರ್ಸೆಪ್ಟ್ ಮೊದಲಾದವು, ಇದನ್ನೇ ತಡೆಯುವುದು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಶುಗರ್ ಬರಿಸಿದ ಇಲಿಗಳಿಗೆ ಕರ್ಕ್ಯುಮಿನ್ ತಿನ್ನಿಸಿದಾಗ ರೆಟಿನಾದಲ್ಲಿ ಇದೇ ವಿಇಜಿಎಫ್ ಕಡಿಮೆಯಾಗಿತ್ತು. ಅದೇ ಸಂಸ್ಥೆಯಲ್ಲಿ ಅರಿಶಿನವೂ ನೆಲ್ಲಿಕಾಯಿಯೂ ಶುಗರ್ ಇಲಿಗಳ ಕಣ್ಣಿನ ಪೊರೆಯನ್ನು ತಡಮಾಡಿದವು. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್, ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್, ಗ್ರೀನ್ ಟೀಯ ಅಂಶಗಳ ಮೇಲೂ ಇಂಥ ಕೆಲಸ ನಡೆದಿದೆ. ಇದು ನಿಜವಾದ ವಿಜ್ಞಾನ, ನನಗೆ ಇದರ ಮೇಲೆ ಆಸೆಯೂ ಇದೆ. ಆದರೆ ಇಂಜೆಕ್ಷನ್ ನೇರ ಕಣ್ಣಿನೊಳಗೇ ಹೋಗುತ್ತದೆ. ತಿಂದ ಅರಿಶಿನ ಹೊಟ್ಟೆ, ಕರುಳು, ಲಿವರ್ ದಾಟಿ, ರೆಟಿನಾದ ರಕ್ತನಾಳಗಳ ಕಾವಲನ್ನೂ ದಾಟಬೇಕು. ಇಲಿಯಲ್ಲಿ ಕಂಡದ್ದನ್ನು ಮನುಷ್ಯರ ಚಿಕಿತ್ಸೆ ಅನ್ನಲು ಸಾಧ್ಯವಿಲ್ಲ. ಸೋರಿ ತುಂಬಿದ ನೀರನ್ನು ಕಷಾಯ ಕುಡಿದು ಇಳಿಸುತ್ತೇನೆ ಅಂತ ಯಾರೂ ಕಾಯಬಾರದು.

ಹಾಗಾದರೆ ಏನು ಮಾಡುವುದು? ಅಡುಗೆಮನೆಯಿಂದ ಶುರು ಮಾಡಿ.

ಒಂದು ಚಮಚ ಅರಿಶಿನ ಪುಡಿ ಸುಮಾರು 3 ಗ್ರಾಂ. ಅದರಲ್ಲಿ ಕರ್ಕ್ಯುಮಿನ್ 3% ಆಸುಪಾಸು, ಅಂದರೆ 100 ಮಿಲಿಗ್ರಾಂ ಕೂಡ ಇಲ್ಲ. ಅದೂ ರಕ್ತಕ್ಕೆ ಸೇರುವುದು ಬಹಳ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರೀನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ರಕ್ತಕ್ಕೆ ಸೇರುವುದು ಸುಮಾರು 20 ಪಟ್ಟು ಹೆಚ್ಚಿತು. ಹಾಗಾಗಿ ಅರಿಶಿನ ಹಾಕುವಲ್ಲಿ ಕಾಳುಮೆಣಸೂ ಇರಲಿ, ತೆಂಗಿನಕಾಯಿಯೋ ಎಣ್ಣೆಯೋ ಇರಲಿ. ನಮ್ಮ ಪಲ್ಯ, ಗಸಿಗಳಲ್ಲಿ ಹೇಗೂ ಇದೆ ಅಲ್ವಾ? ಹಿತ್ತಲಲ್ಲಿ ಅರಿಶಿನ ಬೆಳೆಯುವವರು ಕೊಂಬು ಬೇಯಿಸಿ ಒಣಗಿಸಿ ಮಿಲ್ಲಿನಲ್ಲಿ ಪುಡಿ ಮಾಡಿಸಿದರೆ ಬಹಳ ಒಳ್ಳೇದು. ಬಣ್ಣ ಹೊಳೆಯಲಿ ಅಂತ ಬಿಡಿ ಪುಡಿಗೆ ಸೀಸದ ಕ್ರೋಮೇಟ್ ಅನ್ನುವ ವಿಷದ ಹಳದಿ ಬಣ್ಣ ಬೆರೆಸುವ ಕಲಬೆರಕೆ ನಮ್ಮ ದೇಶದಲ್ಲಿ ಸಿಕ್ಕಿಬಿದ್ದಿದೆ.

ಮೀನು ತಿನ್ನುವವರಿಗೆ ಕರಾವಳಿಯಲ್ಲಿ ದೊಡ್ಡ ಅನುಕೂಲ ಇದೆ. ಬೂತಾಯಿ (ಸಾರ್ಡೀನ್) ಮತ್ತು ಬಂಗುಡೆ ಎರಡೂ ಒಮೆಗಾ-3 ಕೊಬ್ಬಿನ ಮೀನು. ಸ್ಪೇನಿನ ಪ್ರೆಡಿಮೆಡ್ ಅಧ್ಯಯನದಲ್ಲಿ ಟೈಪ್ 2 ಇದ್ದವರನ್ನು ವರ್ಷಗಟ್ಟಲೆ ಗಮನಿಸಿದರು. ಊಟದಿಂದ ದಿನಕ್ಕೆ ಕನಿಷ್ಠ 500 ಮಿಲಿಗ್ರಾಂ ಒಮೆಗಾ-3 ಪಡೆದವರಲ್ಲಿ ದೃಷ್ಟಿ ಕೆಡಿಸುವ ರೆಟಿನೋಪತಿ ಹೆಚ್ಚುಕಡಿಮೆ ಅರ್ಧದಷ್ಟೇ ಕಂಡುಬಂತು. ಇದು 2016ರಲ್ಲಿ ಪ್ರಕಟವಾಯಿತು. ಮೀನೇ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೂ ವಾರಕ್ಕೆ ಎರಡು ಸಲ ಎಣ್ಣೆಮೀನು ತಿಂದರೆ ಅಷ್ಟು ಸಿಗುತ್ತದೆ, ಖರ್ಚೂ ದೊಡ್ಡದಲ್ಲ, ಹಾನಿಯೂ ಇಲ್ಲ. ರವೆ ಹಚ್ಚಿ ಕಾಯಿಸಿದ್ದಕ್ಕಿಂತ ಪುಳಿಮುಂಚಿ, ಗಸಿ ಒಳ್ಳೇದು. ಜೊತೆಗೆ ಕುಚ್ಚಲಕ್ಕಿ ಅನ್ನ ಒಂದು ಸೌಟು ಕಡಿಮೆ ಬಡಿಸಿಕೊಳ್ಳಿ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಮೀನುಗಾರಿಕೆ ನಿಂತು ಮಲ್ಪೆಯಲ್ಲೂ ಮಂಗಳೂರಿನ ಬಂದರಿನಲ್ಲೂ ಬೋಟು ದಡಕ್ಕೆ ಬಿದ್ದಾಗ ಒಣಮೀನು ಜಾಸ್ತಿ ತಿನ್ನುತ್ತೇವೆ. ಅಲ್ಲಿ ಜಾಗ್ರತೆ. ಅದರಲ್ಲಿ ಉಪ್ಪು ತುಂಬ, ಉಪ್ಪಿನಿಂದ ಬಿಪಿ ಏರುತ್ತದೆ, ಬಿಪಿ ಏರಿದರೆ ಇದೇ ರೆಟಿನಾ ನಾಳಗಳಿಗೆ ಪೆಟ್ಟು. ಮೀನು ತಿನ್ನದವರು ಅಗಸೆ ಬೀಜ, ಅಕ್ರೋಟ್ ತಿನ್ನಬಹುದು. ಅದರ ಒಮೆಗಾ-3 ಬೇರೆ ಬಗೆಯದು, ದೇಹ ಅದನ್ನು ಮೀನಿನ ಬಗೆಗೆ ಬದಲಾಯಿಸಿಕೊಳ್ಳುವುದು ಸ್ವಲ್ಪವೇ.

ಸೊಪ್ಪಿನಲ್ಲಿ ನುಗ್ಗೆ, ಹರಿವೆ, ಬಸಳೆ. ಇವುಗಳಲ್ಲಿರುವ ಲುಟೀನ್, ರೆಟಿನಾದಲ್ಲೂ ಇರುವ ಹಳದಿ ಅಂಶ, ಎಣ್ಣೆಯಲ್ಲಿ ಕರಗುವಂಥದ್ದು, ಹಾಗಾಗಿ ಕಾಯಿತುರಿ ಹಾಕಿ ಬೇಯಿಸಿಯೇ ತಿನ್ನಿ. ತಿಮರೆ (ಒಂದೆಲಗ) ಸಿಕ್ಕರೆ ಒಂದು ಹಿಡಿ ಎಲೆ, ಕಾಯಿ, ಮೆಣಸು, ಜೀರಿಗೆ ಅರೆದು ಮಜ್ಜಿಗೆ ಸೇರಿಸಿ ತಂಬುಳಿ ಮಾಡಿ. ನೆಲ್ಲಿಕಾಯಿಯ ತಂಬುಳಿಯೂ ಆಗುತ್ತದೆ. ಆದರೆ ನೆಲ್ಲಿಕಾಯಿ ಮೊರಬ್ಬ, ಕ್ಯಾಂಡಿ ಬೇಡವೇ ಬೇಡ. ಪುನರ್ಪುಳಿಯೂ (ಕೋಕಂ) ಹಾಗೇ. ಬೆಲ್ಲ ಹಾಕದ ಸಾರು ಸರಿ. ಬಾಟಲಿಯ ಶರಬತ್ತಿನಲ್ಲಿ ಪುನರ್ಪುಳಿಗಿಂತ ಸಕ್ಕರೆಯೇ ಮುಂದು.

ಇಷ್ಟೆಲ್ಲ ಮಾಡಿದರೂ ಮುಖ್ಯ ಔಷಧಿ ಶುಗರ್ ಹತೋಟಿಯೇ. 1993ರಲ್ಲಿ ಅಮೆರಿಕ, ಕೆನಡಾದ ದೊಡ್ಡ ಅಧ್ಯಯನದಲ್ಲಿ, ಟೈಪ್ 1 ಇದ್ದವರು ಶುಗರ್ ಬಿಗಿಯಾಗಿ ಹಿಡಿದಾಗ ರೆಟಿನೋಪತಿ ಹೊಸದಾಗಿ ಬರುವ ಅಪಾಯ 76% ಇಳಿಯಿತು. ಅಷ್ಟು ಕೆಲಸ ಮಾಡಿದ ಬೇರು, ಸೊಪ್ಪು ಯಾವುದನ್ನೂ ನಾನು ಕಂಡಿಲ್ಲ. ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ, ಎಷ್ಟಿರಬೇಕು ಅಂತ ನಿಮ್ಮ ಡಾಕ್ಟರ ಹತ್ತಿರ ಕೇಳಿ. ತುಂಬ ಜನರಿಗೆ 7%ದ ಆಸುಪಾಸು ಅನ್ನುತ್ತಾರೆ, ವಯಸ್ಸಾದವರಿಗೆ ಸ್ವಲ್ಪ ಸಡಿಲ.

ಇನ್ನು ಮಾತ್ರೆ. ಕರ್ಕ್ಯುಮಿನ್ ಮಾತ್ರೆ ಮಾರಿದರೆ ನನಗೆ ಲಾಭವೇ. ಆದರೂ ಕೆಲವರಿಗೆ ನಾನು ಕೊಡುವುದಿಲ್ಲ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇಲ್ಲ, ರಕ್ತಸ್ರಾವದ ಭಯ. (ವಾರ್ಫರಿನ್ ಇದ್ದವರು ಸೊಪ್ಪನ್ನೂ ಒಂದು ವಾರ ಜಾಸ್ತಿ, ಒಂದು ವಾರ ಇಲ್ಲ ಅಂತ ಮಾಡಬಾರದು.) ಫಿಟ್ಸಿಗೆ ಫಿನಿಟಾಯಿನ್ ತಿನ್ನುವವರಿಗೆ ಕಾಳುಮೆಣಸಿನಂಶ ಸೇರಿಸಿದ ಮಾತ್ರೆ ಬೇಡ, ಪೈಪರೀನ್ ಆ ಔಷಧಿಯ ಮಟ್ಟವನ್ನೂ ಏರಿಸುತ್ತದೆ. ಲಿವರ್ ತೊಂದರೆ, ಪಿತ್ತಕೋಶದ ಕಲ್ಲು ಇದ್ದವರಿಗೂ ಬೇಡ. ಹೀರಿಕೆ ಹೆಚ್ಚಿಸಿದ ಅರಿಶಿನ ಮಾತ್ರೆಗಳಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ಇಟಲಿ, ಅಮೆರಿಕದಲ್ಲಿ ವರದಿಯಾಗಿವೆ. ಶುಗರ್ ಇಳಿಸುವ ಗ್ಲಿಮಿಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಮೇಲಿರುವವರು ಹಾಗಲಕಾಯಿ ರಸ, ಮೆಂತೆ ಪುಡಿ ಎಲ್ಲ ಒಟ್ಟಿಗೆ ಶುರು ಮಾಡಿದರೆ ಶುಗರ್ ತೀರಾ ಇಳಿದು ತಲೆತಿರುಗಬಹುದು. ಉಳಿದವರೂ ಡಾಕ್ಟರ ಹತ್ತಿರ ಕೇಳಿಯೇ ಶುರು ಮಾಡಿ. ಮೂತ್ರ ಕಡುಹಳದಿಯಾದರೆ, ಹಸಿವೆ ಸತ್ತರೆ ಅವತ್ತೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ.

ಕಣ್ಣಿನೊಳಗೆ ಮಾತ್ರ ಏನನ್ನೂ ಹಿಂಡಬೇಡಿ. ನಂದಿಬಟ್ಟಲು ಹೂವಿನ ರಸ, ಜೇನು, ಅರಿಶಿನದ ನೀರು, ಯಾವುದೂ ಬೇಡ. ಮೇಲೆ ಹಾಕಿದ್ದು ರೆಟಿನಾಕ್ಕೆ ಮುಟ್ಟುವುದಿಲ್ಲ, ಕಣ್ಣುಗುಡ್ಡೆಗೆ ಸೋಂಕು ಮಾತ್ರ ಬರಬಹುದು. ಶುಗರ್ ಇದ್ದವರಿಗೆ ಆ ಸೋಂಕು ಬೇಗ ವಾಸಿಯಾಗುವುದೂ ಇಲ್ಲ.

ಕಣ್ಣೆದುರು ಇದ್ದಕ್ಕಿದ್ದ ಹಾಗೆ ಕಪ್ಪು ಚುಕ್ಕಿ, ಬಲೆ ತೇಲಿದರೆ, ಒಂದು ಬದಿಯಿಂದ ಪರದೆ ಇಳಿದ ಹಾಗಾದರೆ, ಬಾಗಿಲ ಚೌಕಟ್ಟು ಡೊಂಕು ಕಂಡರೆ, ಅವತ್ತೇ ಕಣ್ಣಿನ ಡಾಕ್ಟರಲ್ಲಿ ಹೋಗಿ. ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಂಗಳೂರಿನವರಿಗೆ ವೆನ್ಲಾಕ್ ಇದೆ. ಹೋಗುವಾಗ ತಿನ್ನುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ, ಕಷಾಯದ ಪುಡಿ ಡಬ್ಬಿಯನ್ನೂ ಸೇರಿಸಿ.