ತಗಡಿನ ಟ್ರೇ: ಮೂಲೆ ಬಾಯಿ ಬಿಡದಂತೆ ಮಡಚುವುದು ಹೇಗೆ?

ಬೆಳಗಾವಿಯ ಉದ್ಯಮಬಾಗದ ಶೆಡ್ಡುಗಳಲ್ಲಿ ನಟ್ಟು-ಬೋಲ್ಟು ಹಾಕಿಡುವ ಎಷ್ಟೋ ತಗಡಿನ ಟ್ರೇಗಳ ಮೂಲೆ ಬಾಯಿ ಬಿಟ್ಟುಕೊಂಡಿರುತ್ತದೆ. ಅಳತೆ ಸರಿಯಿದ್ದರೂ ಮಡಚುವ ಸರದಿ ತಪ್ಪಿದರೆ ಹೀಗಾಗುತ್ತದೆ.

ಒಳ ಅಳತೆ 300×200, ಎತ್ತರ 50 ಮಿ.ಮೀ. ಇರುವ ಟ್ರೇಗೆ 0.6 ಮಿ.ಮೀ. ಜಿ.ಐ. (ಸತು ಲೇಪಿಸಿದ ಕಬ್ಬಿಣದ) ತಗಡು ಸಾಕು. ಅಂಗಡಿಯವರು ಹೇಳುವ ಗೇಜ್ (ದಪ್ಪದ ನಂಬರು) ನಂಬಬೇಡಿ, ಮೈಕ್ರೋಮೀಟರ್ ಹಚ್ಚಿ ದಪ್ಪ ಅಳೆದು ನೋಡಿಯೇ ಕೊಳ್ಳಿ. ಪ್ರತಿ ಬದಿಗೂ ಗೋಡೆಗೆ 50, ಅಂಚು ಮಡಚಲು 8 ಸೇರಿಸಿ 416×316 ಮಿ.ಮೀ. ತುಂಡು ಕತ್ತರಿಸಿ. ಕತ್ತರಿಯ ತುದಿಯನ್ನು ಪೂರ್ತಿ ಮುಚ್ಚಬೇಡಿ; ಮುಚ್ಚಿದಲ್ಲೆಲ್ಲ ಅಂಚಿಗೆ ಕಚ್ಚು ಬೀಳುತ್ತದೆ. ತಿರುಗುಣಿ ಸಡಿಲವಾದ ಅಗ್ಗದ ಕತ್ತರಿ ತಗಡನ್ನು ಕತ್ತರಿಸುವುದಿಲ್ಲ, ನಡುವೆ ಸಿಕ್ಕಿಸಿಕೊಂಡು ಮಡಚುತ್ತದೆ. ಅದನ್ನು ಕೊಳ್ಳಲೇಬೇಡಿ.

ಸ್ಕ್ರೈಬರ್ (ತಗಡಿನ ಮೇಲೆ ಗೆರೆ ಗೀರುವ ಉಕ್ಕಿನ ಮೊನೆ) ಕತ್ತರಿಸುವ ಗೆರೆಗೆ ಮಾತ್ರ. ಮಡಚುವ ಗೆರೆಯನ್ನು ಮಾರ್ಕರಿನಿಂದಲೇ ಎಳೆಯಿರಿ. ಗೀರಿದರೆ ಸತುವಿನ ಲೇಪ ಹೋಗಿ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.

ಗೋಡೆಗಳ ಮಡಿಕೆ ಗೆರೆಗಳು ಕೂಡುವ ನಾಲ್ಕೂ ಕಡೆ ಮೊದಲು 3 ಮಿ.ಮೀ. ತೂತು ಹಾಕಿ. ಇಲ್ಲದಿದ್ದರೆ ಮಡಚುವಾಗ ತಗಡು ಅಲ್ಲಿ ಮುದುಡುತ್ತದೆ ಅಥವಾ ಸೀಳುತ್ತದೆ. ನಂತರ ಮೂಲೆಯ ಚೌಕ ತೆಗೆಯಿರಿ. ತೆಗೆಯುವಾಗ 200ರ ಗೋಡೆಗೆ ಅಂಟಿಕೊಂಡಂತೆ 15 ಮಿ.ಮೀ. ಅಗಲದ ಕಿವಿ, ಅಂದರೆ ಪಕ್ಕದ ಗೋಡೆಗೆ ರಿವೆಟ್ ಮಾಡುವ ಪಟ್ಟಿ, ಉಳಿಯಬೇಕು. ಅದರ ಎರಡೂ ತುದಿಯನ್ನು ಓರೆಯಾಗಿ ಕತ್ತರಿಸಿ.

ಈಗ ಮಡಚುವ ಕೆಲಸ. ಮೊದಲು ನಾಲ್ಕೂ ಬದಿಯ 8 ಮಿ.ಮೀ. ಅಂಚು: ಆ್ಯಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಮೇಲಿಟ್ಟು ಹೊರಮುಖಕ್ಕೆ 90 ಡಿಗ್ರಿ ಬಗ್ಗಿಸಿ, ತಿರುವಿ, ಚಪ್ಪಟೆ ಮಾಡಿ. ಗೋಡೆ ಎದ್ದ ಮೇಲೆ ಇದನ್ನು ನೀಟಾಗಿ ಮಾಡಲು ಜಾಗವೇ ಇರುವುದಿಲ್ಲ. ಎರಡನೆಯದು ಕಿವಿಗಳು, ಒಳಮುಖಕ್ಕೆ. ಮೂರನೆಯದು 200ರ ಎರಡು ಗೋಡೆಗಳು. 300ರ ಗೋಡೆಗಳು ಕೊನೆಗೆ. ಅವು ಕಿವಿಗಳ ಹೊರಗಿನಿಂದ ಬಂದು ಒತ್ತಿಕೊಳ್ಳಬೇಕು. ಬಹಳ ಜನ ಇವನ್ನೇ ಮೊದಲು ಎಬ್ಬಿಸಿ, ಆಮೇಲೆ ಕಿವಿಗಳನ್ನು ಒಳಗೆ ತುರುಕಲು ಹೋಗಿ ಮೂಲೆ ಕೆಡಿಸುತ್ತಾರೆ.

ಈ ಕೊನೆಯ ಮಡಿಕೆಗೆ ಉದ್ದನೆಯ ಆ್ಯಂಗಲ್ ಒಳಗೆ ಹಿಡಿಸದು. ಎರಡು ಕಿವಿಗಳ ನಡುವೆ 270 ಮಿ.ಮೀ. ಉಳಿಯುತ್ತದೆ. 268 ಮಿ.ಮೀ. ಉದ್ದದ, ಚೂಪು ಅಂಚಿನ ಗಟ್ಟಿ ಕಟ್ಟಿಗೆಯ ತುಂಡನ್ನು ವೈಸ್‌ನಲ್ಲಿ ಹಿಡಿದು, ಟ್ರೇಯನ್ನು ಅದರ ಮೇಲೆ ಬೋರಲು ಹಾಕಿ, ಮಡಿಕೆ ಗೆರೆಯನ್ನು ತುಂಡಿನ ಅಂಚಿಗೆ ಕೂಡಿಸಿ. ಮೇಲೊಂದು ಪಟ್ಟಿ ಇಟ್ಟು ಕ್ಲಾಂಪ್ ಬಿಗಿಯಿರಿ. ಕಟ್ಟಿಗೆ ಇಲ್ಲವೇ ನೈಲಾನ್ ಸುತ್ತಿಗೆಯನ್ನೇ ಬಳಸಿ, ಮಡಿಕೆಯ ಹತ್ತಿರ ಬಡಿಯಿರಿ. ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಒಮ್ಮೆಗೆ ಸುಮಾರು 30 ಡಿಗ್ರಿ ಬಗ್ಗಲಿ, ಮತ್ತೆ ಮೊದಲಿನಿಂದ ಶುರು ಮಾಡಿ. ಒಂದೇ ಕಡೆ ಪೂರ್ತಿ ಬಗ್ಗಿಸಿದರೆ ಪಕ್ಕದ ತಗಡು ಎಳೆದುಕೊಳ್ಳುತ್ತದೆ. ಕಬ್ಬಿಣದ ಸುತ್ತಿಗೆ ಬಿದ್ದ ಕಡೆ ತಗಡು ತೆಳುವಾಗಿ ಹಿಗ್ಗಿ ಅಲೆ ಏಳುತ್ತದೆ. ಮತ್ತೆ ಬಡಿದಷ್ಟೂ ಅಲೆ ಹೆಚ್ಚುತ್ತದೆ.

ಮೂಲೆಗೆ ಎರಡೆರಡು 3.2 ಮಿ.ಮೀ. ಪಾಪ್ ರಿವೆಟ್ (ಒಂದೇ ಕಡೆಯಿಂದ ಗನ್ನಿನಲ್ಲಿ ಎಳೆದು ಕೂರಿಸುವ ರಿವೆಟ್), ಕಿವಿಯ ಅಗಲದ ನಡುಮಧ್ಯದಲ್ಲಿ. ಎರಡೂ ಪದರ ಕೂಡಿಸಿ ಕ್ಲಾಂಪ್ ಹಾಕಿ 3.3ರ ಡ್ರಿಲ್‌ನಿಂದ ತೂತು ಕೊರೆಯಿರಿ. ಕೈಯಲ್ಲಿ ಹಿಡಿದು ಕೊರೆದರೆ ತಗಡು ಗಿರ್ರನೆ ತಿರುಗಿ ಬೆರಳು ಕೊಯ್ಯುತ್ತದೆ. ಪದರ ಬಿಡಿಸಿ ತೂತಿನ ಮುಳ್ಳು ಕೆರೆದ ಮೇಲೆಯೇ ರಿವೆಟ್ ಹೊಡೆಯಿರಿ.

ವೆಲ್ಡಿಂಗ್ ಬೇಡ. ಇಷ್ಟು ತೆಳು ತಗಡಿಗೆ ತೂತು ಬೀಳುತ್ತದೆ, ಸತುವಿನ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ.