ಕಡಲತಡಿಯಲ್ಲಿ ಹಕ್ಕಿ ಫೋಟೋ: ಮೆಗಾಪಿಕ್ಸೆಲ್ಲಿಗಿಂತ ಮೊದಲು ಗಾಳಿ ನೋಡಿ

45 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆಯಲ್ಲ, ದೂರದ ಹಕ್ಕಿಯನ್ನು ಆಮೇಲೆ ಕ್ರಾಪ್ ಮಾಡಿ ದೊಡ್ಡದಾಗಿಸಿಕೊಂಡರಾಯಿತು ಎಂಬ ಲೆಕ್ಕ ನಮ್ಮ ಕರಾವಳಿಯಲ್ಲಿ ಕೈಕೊಡುತ್ತದೆ. ಬಿಸಿಲೇರಿದ ಮೇಲೆ ಮರಳಿನಿಂದ ಏಳುವ ಬಿಸಿಗಾಳಿ 600 ಎಂಎಂ ಲೆನ್ಸಿನಲ್ಲಿ ಇಡೀ ಚಿತ್ರವನ್ನು ಕದಡುತ್ತದೆ. ಗರಿಯ ಎಳೆ, ಚಿತ್ರ ಹಿಡಿಯುವ ಸೆನ್ಸರ್‌ವರೆಗೆ ತಲುಪುವುದೇ ಇಲ್ಲ. ಫೋಕಸ್ ಕೆಟ್ಟಿದೆ ಎಂದು ಲೆನ್ಸನ್ನು ಸರ್ವಿಸಿಗೆ ಕೊಡುವ ಮೊದಲು, ಕದಲದೆ ಕೂತ ಒಂದೇ ಹಕ್ಕಿಯ ಹತ್ತು ಫ್ರೇಮುಗಳನ್ನು ಹಿಗ್ಗಿಸಿ ನೋಡಿ. ಕೊಕ್ಕಿನ ಅಂಚು ಒಂದೊಂದರಲ್ಲಿ ಒಂದೊಂದು ಥರ ಬಾಗಿದ್ದರೆ ತಪ್ಪು ಗಾಳಿಯದ್ದು. ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಹತ್ತಿರ ಹೋಗಬೇಕು, ಇಲ್ಲವೇ ಬಿಸಿಲು ಬಲಿಯುವುದರೊಳಗೆ ಮುಗಿಸಬೇಕು.

ಉಡುಪಿ ಬಳಿಯ ಕೋಡಿಬೆಂಗ್ರೆಯಲ್ಲಿ ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ. ಚಳಿಗಾಲದ ಬೆಳಿಗ್ಗೆ ಸೂರ್ಯ ಬೆನ್ನಿಗಿರುವಂತೆ ಕಡಲಿಗೆ ಮುಖ ಮಾಡಿ. ಆ ಹೊತ್ತಿಗೆ ಗಾಳಿ ಸಾಮಾನ್ಯವಾಗಿ ನೆಲದಿಂದ ಕಡಲಿನತ್ತ ಬೀಸುತ್ತದೆ, ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಹಾಗಾಗಿ ಕಡಲಕಾಗೆಗಳು ನಿಮ್ಮ ಕಡೆಗೇ ಮುಖ ಮಾಡಿ ಏಳುತ್ತವೆ, ಮುಖದ ಮೇಲೆ ಬೆಳಕೂ ಇರುತ್ತದೆ. ಮಧ್ಯಾಹ್ನದ ಮೇಲೆ ಗಾಳಿ, ಬೆಳಕು ಎರಡೂ ತಿರುಗುತ್ತವೆ. ಆಗ ಹೊಳೆಗೆ ಮುಖ ಮಾಡಿ. ಫಲ್ಗುಣಿ ಹೊಳೆಗೂ ಕಡಲಿಗೂ ನಡುವಿರುವ ಮಂಗಳೂರಿನ ತಣ್ಣೀರುಬಾವಿಯಲ್ಲೂ ಇದೇ ಲೆಕ್ಕ.

ನೀರಂಚಿನ ಗೊರವ (ಸ್ಯಾಂಡ್‌ಪೈಪರ್) ಹಕ್ಕಿಗಳ ಬೆನ್ನಟ್ಟಬೇಡಿ. ಇಳಿತ ಮುಗಿಯುವ ಹೊತ್ತಿಗೆ ಹೋಗಿ ಮರಳಲ್ಲಿ ಮೊಣಕೈ ಊರಿ ಮಲಗಿಬಿಡಿ. ನೀರು ಏರಿದಂತೆ ಅವೇ ನಿಮ್ಮತ್ತ ಸರಿದು ಬರುತ್ತವೆ. ಲೆನ್ಸು ಹಕ್ಕಿಯ ಕಣ್ಣಿನ ಮಟ್ಟದಲ್ಲಿದ್ದರೆ ಹಿನ್ನೆಲೆ ತಾನಾಗಿ ಕರಗುತ್ತದೆ. ಬಿಸಿಗಾಳಿ ನೆಲದ ಹತ್ತಿರವೇ ಜಾಸ್ತಿ, ಆದ್ದರಿಂದ ಈ ಮಲಗುವ ಉಪಾಯ ಬೆಳಿಗ್ಗೆಗೆ ಮಾತ್ರ. ಮೊಟ್ಟೆ, ಮರಿ ಕಂಡರೆ ಕ್ಯಾಮೆರಾ ಇಳಿಸಿ ಹಿಂದೆ ಸರಿಯಿರಿ.

ಮಲ್ಪೆ ದಕ್ಕೆಯಲ್ಲಿ (ದೋಣಿಗಳ ಕಟ್ಟೆ) ಮೀನು ಇಳಿಸುವಾಗ ಗರುಡಗಳು ತಲೆಯ ಮೇಲೆಯೇ ಎರಗುತ್ತವೆ. ಹಾರುವ ಹಕ್ಕಿ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇಡ. ಅಲ್ಲಿ 600 ಎಂಎಂ ದಂಡ. 200ರಿಂದ 400 ಸಾಕು. ಮ್ಯಾನುವಲ್ ಮೋಡ್, ಶಟರ್ 1/2500 ಸೆಕೆಂಡ್, ಅಪರ್ಚರ್ ಎಫ್/5.6, ಆಟೋ ಐಎಸ್‌ಒ (ಬೆಳಕಿಗೆ ತಕ್ಕ ಸಂವೇದನೆಯನ್ನು ಕ್ಯಾಮೆರಾ ತಾನೇ ಹೊಂದಿಸಿಕೊಳ್ಳುತ್ತದೆ). ಗರುಡನ ತಲೆ, ಎದೆ ಬಿಳಿ, ಮೈ ಕೆಂಗಂದು. ಕ್ಯಾಮೆರಾ ಮೈಯನ್ನು ನಂಬಿ ಬಿಳಿಯನ್ನು ಸುಟ್ಟುಹಾಕುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ -0.7 ಇಟ್ಟು, ಹೈಲೈಟ್ (ಅತಿ ಬೆಳಗಿದ ಭಾಗ) ಪರದೆಯಲ್ಲಿ ಮಿನುಗಿದರೆ ಇನ್ನೂ ಇಳಿಸಿ. ಸೆನ್ಸರ್ ಚಿತ್ರ ಓದುವುದು ನಿಧಾನವಾದರೆ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ರೆಕ್ಕೆ ಸೊಟ್ಟಗಾಗುತ್ತದೆ, ಮೆಕ್ಯಾನಿಕಲ್ಲಿಗೆ ಬದಲಿಸಿ. ಬರ್ಸ್ಟ್ (ಒಂದೇ ಸಮನೆ ಕ್ಲಿಕ್ಕಿಸುವುದು) ಚಿಕ್ಕದಿರಲಿ: ಒಂದು ರಾ (ಸಂಸ್ಕರಿಸದ) ಫೈಲ್ 50 ಎಂಬಿ ಆದರೆ ಸೆಕೆಂಡಿಗೆ 20 ಫ್ರೇಮಿನಂತೆ ಒಂದು ಜಿಬಿ ಖಾಲಿ, ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ತುಂಬಿದ ಮೇಲೆಯೇ ಗರುಡ ಮೀನೆತ್ತುತ್ತದೆ! ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ದಕ್ಕೆಗೆ ಹೋಗಿ ಪ್ರಯೋಜನ ಕಡಿಮೆ.

ಕೂತ ಮಿಂಚುಳ್ಳಿಗೆ ಕೈಯಲ್ಲಿ ಹಿಡಿದು ತೆಗೆಯುವಾಗ 600 ಎಂಎಂಗೆ 1/600 ಸೆಕೆಂಡ್ ಶಟರ್ ಎಂಬ ಹಳೇ ಸೂತ್ರ ಹೆಚ್ಚು ಪಿಕ್ಸೆಲ್ಲಿನ ಸೆನ್ಸರ್‌ಗೆ ಸಾಲದು. 1/1200ರಿಂದ ಶುರುಮಾಡಿ, ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ನಂಬಿ ನಿಧಾನಕ್ಕೆ ಇಳಿಸಿ. ಲೆನ್ಸಿನ ಎಟುಕನ್ನು ಇಮ್ಮಡಿಸುವ 2 ಎಕ್ಸ್ ಕನ್ವರ್ಟರ್ ಎರಡು ಸ್ಟಾಪ್, ಅಂದರೆ ಮುಕ್ಕಾಲು ಪಾಲು, ಬೆಳಕು ತಿನ್ನುತ್ತದೆ, ಮನೆಯಲ್ಲೇ ಇರಲಿ.

ಎಸಿ ಕೋಣೆಯಿಂದ ನೇರ ಸೆಕೆಗೆ ತಂದರೆ ಲೆನ್ಸು ಮಂಜಾಗುತ್ತದೆ. ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಬ್ಯಾಗನ್ನು ಹಿಂದಿನ ರಾತ್ರಿಯೇ ಎಸಿ ಇಲ್ಲದ ಕಡೆ ಇಡಿ. ಆಗದಿದ್ದರೆ ಜಿಪ್ ತೆಗೆಯದೆ ಮುಕ್ಕಾಲು ಗಂಟೆ ಹೊರಗೆ ಬಿಡಿ. ವಾಪಸ್ ಬಂದೊಡನೆ ಹೊರಮೈಯ ಉಪ್ಪನ್ನು ಸ್ವಲ್ಪ ಒದ್ದೆ ಬಟ್ಟೆಯಿಂದ, ಆಮೇಲೆ ಒಣ ಬಟ್ಟೆಯಿಂದ ಒರೆಸಿ. ಮಳೆಗಾಲದಲ್ಲಿ ಬ್ಯಾಗಿನೊಳಗೇ ಬಿಟ್ಟರೆ ಫಂಗಸ್ ಗ್ಯಾರಂಟಿ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ಜೊತೆಗೊಂದು ಸಣ್ಣ ಹೈಗ್ರೋಮೀಟರ್ ಇಟ್ಟು ತೇವಾಂಶ ಶೇ. 40ರಿಂದ 50ರೊಳಗೆ ಇರುವಂತೆ ನೋಡಿಕೊಳ್ಳಿ.