ಹೊಳೆ ದಾಟಿ ಹೋದ ಫಾರ್ವರ್ಡ್

ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಣೆ ಮಾಡಿ ಆಡುವ ಪದ್ಧತಿ ಇತ್ತು. ಹೊಳೆಯಾಚೆಯ ತಂಡದೊಂದಿಗೆ ಪಂದ್ಯವಿದ್ದ ದಿನ ಬೆಳಿಗ್ಗೆ ಹನ್ನೊಂದೂ ಜನ ದೇವಸ್ಥಾನಕ್ಕೆ ಹೋಗಿ, ತೆಂಗಿನಕಾಯಿ ಮುಟ್ಟಿ, ಈ ಜೆರ್ಸಿ ಬಿಟ್ಟು ಬೇರೆ ಜೆರ್ಸಿ ತೊಡುವುದಿಲ್ಲ ಎಂದು ಹೇಳಬೇಕಿತ್ತು. ಕ್ರೈಸ್ತ ಹುಡುಗರು ಹೊರಗೆ ನಿಂತು ಕೊರಳಿನ ಶಿಲುಬೆ ಮುಟ್ಟಿ ಅದೇ ಮಾತು ಹೇಳುತ್ತಿದ್ದರು. 1998ರಲ್ಲಿ ನಾನೂ ಹೇಳಿದವನೇ. ಹೇಳಿ ಮೈದಾನಕ್ಕಿಳಿದ ಹನ್ನೆರಡನೆಯ ನಿಮಿಷಕ್ಕೆ ಅವರ ವಿಂಗಿನ ಹುಡುಗನ ಮೊಣಕಾಲಿಗೆ ಬೂಟು ಬೀಸಿ ಕೆಂಪು ಕಾರ್ಡ್ ಪಡೆದೆ. ಉಳಿದ ಹತ್ತು ಜನ ಮೂರು ಗೋಲು ತಿಂದರು. ಅಂದು ಸಂಜೆ ಯಾರೂ ನನ್ನನ್ನು ಬೈಯಲಿಲ್ಲ, ಬೆನ್ನು ತಟ್ಟಿದರು. ಇದಪ್ಪಾ ನಿಷ್ಠೆ ಎಂದರು. ತಂಡವನ್ನು ಮುಳುಗಿಸಿದವನಿಗೆ ಸಿಕ್ಕ ಬಿರುದು ಅದು. ನಾನು ಅದನ್ನು ಬಹಳ ವರ್ಷ ಹೆಮ್ಮೆಯಿಂದ ಹೊತ್ತುಕೊಂಡು ತಿರುಗಿದೆ.

ಕಾರವಾರದಲ್ಲಿ ಕಾಳಿ ನದಿಯ ಈ ದಡದಲ್ಲಿ ಕೋಡಿಬಾಗ, ಆ ದಡದಲ್ಲಿ ಸದಾಶಿವಗಡ. ಸೇತುವೆ ಆಗುವ ಮೊದಲು ನಮ್ಮ ಅಪ್ಪಂದಿರು ತಾರಿ ದಾಟಿ ಆಡಲು ಹೋಗುತ್ತಿದ್ದರಂತೆ. ಸೋತವರಿಗೆ ಗೆದ್ದವರ ಜೊತೆ ಒಂದೇ ದೋಣಿಯಲ್ಲಿ ಮರಳುವ ಸಂಕಟ ಬೇರೆ. ಎರಡೂ ಕಡೆ ಅದೇ ಕೊಂಕಣಿ, ಅದೇ ಬಂಗಡೆ ಸಾರು, ಮದುವೆಯ ನೆಂಟಸ್ತಿಕೆಯೂ ಉಂಟು. ಆದರೂ, ಬಹುಶಃ ಅದಕ್ಕೇ, ವರ್ಷಕ್ಕೊಮ್ಮೆ ಆ ತೊಂಬತ್ತು ನಿಮಿಷ ಪರಸ್ಪರ ಮುಖ ನೋಡಲಾಗದಷ್ಟು ಹಗೆ. ನಾನು ಬೈತಖೋಲದ ಮಂಜುಗಡ್ಡೆ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನು. 2016ರಿಂದ ಸಂಜೆಯ ಹೊತ್ತು ಹುಡುಗರಿಗೆ ಆಟ ಕಲಿಸುತ್ತಿದ್ದೇನೆ. ಅವರಲ್ಲಿ ಅರ್ಧ ಜನ ಬೋಟಿನವರು. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ 61 ದಿನಗಳೇ ಅವರು ತಪ್ಪದೆ ಸಿಗುವ ಕಾಲ. ನಮ್ಮ ತಂಡ ಕಟ್ಟಿಕೊಳ್ಳುವುದೆಲ್ಲ ಮಳೆಯಲ್ಲಿ, ಕೆಸರಿನಲ್ಲಿ.

2022ರಲ್ಲಿ ನಮ್ಮ ಫಾರ್ವರ್ಡ್ ಹೊಳೆ ದಾಟಿದ. ಹದಿನಾಲ್ಕನೆಯ ವಯಸ್ಸಿನಿಂದ ನನ್ನ ಕೈಕೆಳಗೆ ಬೆಳೆದ ಹುಡುಗ. ಆಚೆ ಕಡೆಯ ಬೋಟ್ ಮಾಲೀಕರೊಬ್ಬರು ಕೆಲಸ ಕೊಟ್ಟು, ಒಳ್ಳೆಯ ಬೂಟು ಕೊಟ್ಟು, ತಮ್ಮ ತಂಡಕ್ಕೆ ಸೇರಿಸಿಕೊಂಡಿದ್ದರು. ಪೋರ್ಚುಗಲ್ಲಿನ ಆಟಗಾರ ಫಿಗೊ 2000ರಲ್ಲಿ ಬಾರ್ಸಿಲೋನಾ ಬಿಟ್ಟು ಅದರ ಬದ್ಧವೈರಿ ರಿಯಲ್ ಮ್ಯಾಡ್ರಿಡ್ ಸೇರಿದ್ದು, ಎರಡು ವರ್ಷದ ನಂತರ ಅದೇ ಬಾರ್ಸಿಲೋನಾದ ಮೈದಾನದಲ್ಲಿ ಅವನು ಕಾರ್ನರ್ ಹೊಡೆಯಲು ಹೋದಾಗ ಹಂದಿಯ ತಲೆ ಬಂದು ಬಿದ್ದದ್ದು ಹುಡುಗರಿಗೆ ಬಾಯಿಪಾಠ. ಆ ಚಿತ್ರಕ್ಕೆ ನಮ್ಮ ಹುಡುಗನ ಹೆಸರು ಸೇರಿಸಿ ಮೊಬೈಲಿನಿಂದ ಮೊಬೈಲಿಗೆ ಕಳಿಸಿದರು. ನನಗೂ ಬಂತು. ನಕ್ಕೆ. ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ಉಳಿದದ್ದು ಸುಳ್ಳಾಗುತ್ತದೆ.

ಅವನ ತಾಯಿ ಮಾರುಕಟ್ಟೆಯಲ್ಲಿ ಮೀನು ಮಾರುತ್ತಾರೆ. ನಾನು ಖಾಯಂ ಗಿರಾಕಿ. ಮೂರು ತಿಂಗಳು ಅವರ ಬುಟ್ಟಿಯ ಕಡೆ ನೋಡದೆ ಪಕ್ಕದವರಲ್ಲಿ ಕೊಂಡೆ. ಒಂದು ಭಾನುವಾರ ಅವರೇ ಕರೆದರು.

"ಅಣ್ಣಾ, ನನ್ನ ಮೀನು ಏನು ತಪ್ಪು ಮಾಡಿತು?"

ನಾನು ನಿಷ್ಠೆ, ಊರಿನ ಮರ್ಯಾದೆ ಎಂದೆಲ್ಲ ಏನೋ ಹೇಳಿದೆ. ಅವರು ಲೇಪೆ ಮೀನು ಕೊಯ್ಯುತ್ತಿದ್ದವರು ಕತ್ತಿ ಕೆಳಗಿಟ್ಟು ಹೇಳಿದರು: "ನಿಮ್ಮ ಪಂದ್ಯದಲ್ಲೇ ಅವನ ಮೊಣಕಾಲು ತಿರುಚಿತು. ಸ್ಕ್ಯಾನಿನ ದುಡ್ಡು ಕ್ಲಬ್ಬು ಕೊಡುತ್ತದೆ ಅಂದಿರಿ. ನಾನು ಬಳೆ ಇಟ್ಟೆ. ಇನ್ನೂ ಬಿಡಿಸಿಲ್ಲ."

ಆರು ಸಾವಿರದ ಐನೂರು ರೂಪಾಯಿ. ಅಂದಿದ್ದು ನಿಜ. ಅಂದವನು ನಾನೇ. ಕಾರ್ಯದರ್ಶಿಗೆ ಹೇಳಿ ಮರೆತಿದ್ದೆ, ಕಾರ್ಯದರ್ಶಿಯವರು ಮಂಟಪದ ಬಾಡಿಗೆಯೋ ಬಹುಮಾನದ ಕಪ್ಪೋ ನೋಡಿಕೊಂಡು ಮರೆತಿದ್ದರು. ಹಗಲೆಲ್ಲ ಊರಿನ ಬೋಟುಗಳ ಮಂಜುಗಡ್ಡೆಯ ಬಾಕಿಯನ್ನು ಪೈಸೆ ಬಿಡದೆ ಬರೆದಿಡುವ ನನಗೆ ನನ್ನ ಹುಡುಗರಿಗೆ ಕ್ಲಬ್ಬು ಕೊಡಬೇಕಾದ ಬಾಕಿ ಬರೆಯಲು ಒಂದು ಹಾಳೆಯೂ ಇರಲಿಲ್ಲ. ಹುಡುಗರಿಂದ ಪಡೆಯಬೇಕಾದದ್ದಕ್ಕೆ ಮಾತ್ರ ತೆಂಗಿನಕಾಯಿ ಇಟ್ಟುಕೊಂಡಿದ್ದೆವು.

ಮರುದಿನ ಕಾರ್ಖಾನೆಯಿಂದ ಹಳೆಯ ಖಾತೆ ಪುಸ್ತಕವೊಂದನ್ನು ತಂದೆ. ಒಬ್ಬೊಬ್ಬ ಆಟಗಾರನಿಗೂ ಒಂದು ಪುಟ. ಅವನಿಗೆ ಏನು ಮಾತು ಕೊಟ್ಟಿದ್ದೇವೆ, ಯಾವಾಗ ಕೊಡುತ್ತೇವೆ, ಕೊಟ್ಟ ದಿನ ಅವನದೇ ಸಹಿ. ಬಹುಮಾನದ ಹಣದಲ್ಲಿ ಐದನೆಯ ಒಂದು ಪಾಲು ಗಾಯದ ಖರ್ಚಿಗೆಂದು ಮುಟ್ಟದೆ ಇಡುವುದು. ಮೊದಲ ಪುಟ ಹೊಳೆ ದಾಟಿದ ಹುಡುಗನದು. ಹಣ ಒಯ್ದು ಕೊಟ್ಟಾಗ ಅವನ ತಾಯಿ ನನ್ನೆದುರೇ ಎರಡು ಸಲ ಎಣಿಸಿದರು. ಎಣಿಸಬೇಕಾದದ್ದೇ.

ಇನ್ನೊಂದು ನಿಯಮಕ್ಕೆ ಸಮಿತಿಯಲ್ಲಿ ಗದ್ದಲವಾಯಿತು: ಯಾರು ಬಿಟ್ಟು ಹೋಗುತ್ತೇನೆಂದರೂ ಅದೇ ದಿನ ಬಿಡುಗಡೆ ಪತ್ರ ಕೊಡಬೇಕು. ಸತಾಯಿಸಬಾರದು. "ಹಾಗಾದರೆ ಕ್ಲಬ್ಬಿಗೆ ಬಾಗಿಲೇ ಬೇಡ" ಎಂದರು ಹಿರಿಯರೊಬ್ಬರು. ನಾನು ಭಾರತ ತಂಡದ ನಾಯಕರಾಗಿದ್ದ ಸುನಿಲ್ ಛೆಟ್ರಿಯ ಉದಾಹರಣೆ ಕೊಟ್ಟೆ. ಕೋಲ್ಕತ್ತದ ಮೋಹನ್ ಬಾಗಾನಿಗೂ ಆಡಿದವರು, ಅದರ ಬದ್ಧವೈರಿ ಈಸ್ಟ್ ಬೆಂಗಾಲಿಗೂ ಆಡಿದವರು. ಅವರ ನಿಷ್ಠೆಯನ್ನು ಯಾರು ಪ್ರಶ್ನಿಸುತ್ತಾರೆ? ಛೆಟ್ರಿಗೆ ಅದು ಹೊಟ್ಟೆಪಾಡು, ನಮ್ಮದು ಮಾನದ ಪ್ರಶ್ನೆ ಎಂದರು. ನಮ್ಮ ಹುಡುಗರಿಗೆ ಹೊಟ್ಟೆ ಇಲ್ಲವೇ ಎಂದು ಕೇಳಿದೆ. ಮಡಗಾಂವ್ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ, ಬೆಳಗಿನ ರೈಲು ಹತ್ತಿದರೆ ಗೋವಾದ ಕ್ಲಬ್ಬುಗಳ ಆಯ್ಕೆ ಶಿಬಿರಕ್ಕೆ ಹೋಗಿ ಸಂಜೆ ಮರಳಬಹುದು. ಈಗ ಆ ಟಿಕೆಟ್ಟಿನ ಹಣವನ್ನೂ ಪುಸ್ತಕದಲ್ಲಿ ಬರೆಯುತ್ತೇವೆ. ನಿಯಮ ಬಂದ ಮೇಲೆ ಇಬ್ಬರು ಪತ್ರ ಪಡೆದು ಹೋದರು. ಒಬ್ಬ ಮಳೆಗಾಲಕ್ಕೆ ಮರಳಿ ಬಂದ.

ಆಣೆ ನಿಲ್ಲಿಸಿದೆ. ಅದರ ಜಾಗದಲ್ಲಿ ಪಂದ್ಯದ ವಾರ ಒಂದು ಕಥೆ ಹೇಳುತ್ತೇನೆ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಆ ಎರಡು ಕೋಲ್ಕತ್ತ ತಂಡಗಳ ಪಂದ್ಯ. ಮೈದಾನದಲ್ಲಿ ಇಬ್ಬರು ಆಟಗಾರರ ನಡುವೆ ಹೊತ್ತಿಕೊಂಡದ್ದು ಗ್ಯಾಲರಿಗೆ ಹಬ್ಬಿ, 16 ಮಂದಿ ಪ್ರೇಕ್ಷಕರು ಸತ್ತರು. ಹುಡುಗರು ಸುಮ್ಮನಾಗುತ್ತಾರೆ. ಸುಮ್ಮನಾದ ಮೇಲೆ ಅಭ್ಯಾಸ.

ಆ ವಾರದ ಅಭ್ಯಾಸ ನೋಡಿದವರು ನನಗೆ ಹುಚ್ಚು ಎನ್ನುತ್ತಾರೆ. ಕ್ಲಬ್ಬಿನ ಹಳೆಯ ಆಟಗಾರರನ್ನು ಕರೆಸಿ ಗೋಲಿನ ಹಿಂದೆ ನಿಲ್ಲಿಸುತ್ತೇನೆ. ಅವರ ಕೆಲಸ ಬೈಯುವುದು. ಕೊಂಕಣಿಯಲ್ಲಿ, ಕನ್ನಡದಲ್ಲಿ, ಅಪ್ಪ, ಅಜ್ಜ, ಸಾಲ, ಸೋದರಿಯ ಮದುವೆ, ಏನನ್ನೂ ಬಿಡುವಂತಿಲ್ಲ. ಹುಡುಗ ಆ ಬೈಗುಳದ ನಡುವೆ ಪೆನಾಲ್ಟಿ ಹೊಡೆಯಬೇಕು. ತಿರುಗಿ ನೋಡಿದರೆ ಐದು ನಿಮಿಷ ಹೊರಗೆ. ಮೊದಲ ವರ್ಷ ಇಬ್ಬರು ಅತ್ತರು, ಒಬ್ಬ ಕಲ್ಲು ಎತ್ತಿಕೊಂಡ. ಈಗ ನಗುತ್ತಾರೆ. ರೆಫರಿಯೊಂದಿಗೆ ನಾಯಕನೊಬ್ಬನೇ ಮಾತನಾಡಬೇಕೆಂಬ ಕಟ್ಟಳೆಯನ್ನು 2024ರ ಯುರೋ ಕಪ್ ನೋಡಿ ತಂದೆ. ಎದುರಾಳಿಗೆ ಹೆಸರಿಟ್ಟು ಕರೆಯುವುದನ್ನೂ ಬಿಡಿಸಿದೆ, ‘ಅವರು’ ಎಂದಷ್ಟೇ. ಹಗೆಯಿಂದ ಓಡುವವನು ಇಪ್ಪತ್ತು ನಿಮಿಷ ಓಡುತ್ತಾನೆ, ಆಮೇಲೆ ಅವನ ಕಾಲಲ್ಲಿ ಸೀಸ. ಇದು ನನ್ನದೇ 1998ರ ಕಾಲು ಹೇಳಿದ್ದು.

2024ರ ಆಗಸ್ಟ್‌ನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿಯಿತು. ಆ ವರ್ಷದ ಪಂದ್ಯ ಅವರ ದಡದಲ್ಲಿ. ಉಳಿದ ಒಂದೇ ಸೇತುವೆಯ ಮೇಲೆ ಬೈಕುಗಳ ಸಾಲು ಹಿಡಿದು ಹೋದೆವು. ಎಂಬತ್ತನೆಯ ನಿಮಿಷದವರೆಗೆ ಗೋಲಿಲ್ಲ. ಆಮೇಲೆ ನಮ್ಮ ಬ್ಯಾಕಿನ ಕೈಗೆ ಚೆಂಡು ತಗಲಿ ಪೆನಾಲ್ಟಿ. ಹೊಡೆಯಲು ಬಂದವನು ನಮ್ಮ ಹಳೆಯ ಹುಡುಗ. ನಮ್ಮ ಕೀಪರ್ ಅವನ ಜೊತೆ ವರ್ಷಗಟ್ಟಲೆ ಅಭ್ಯಾಸ ಮಾಡಿದವನು. ಚೆಂಡಿನ ಪಕ್ಕ ಊರಿದ ಎಡಗಾಲಿನ ಹೆಬ್ಬೆರಳು ಯಾವ ಕಡೆ ನೋಡುತ್ತದೋ ಚೆಂಡು ಆ ಕಡೆ ಎಂಬುದು ಅವನೊಬ್ಬನಿಗೇ ಗೊತ್ತು. ಹಾರಿದ, ಹಿಡಿದ.

ಟೈಬ್ರೇಕರಿನಲ್ಲಿ 4–3ರಿಂದ ಅವರೇ ಗೆದ್ದರು. ಗೆದ್ದರೂ ಅವರ ಜನ ಆ ಹುಡುಗನನ್ನು ಬಿಡಲಿಲ್ಲ. ಬೇಕೆಂದೇ ತಪ್ಪಿಸಿದ, ಆಚೆಯ ರಕ್ತ ಎಲ್ಲಿ ಹೋಗುತ್ತದೆ ಎಂದು ಸುತ್ತುವರಿದರು. ಎರಡು ವರ್ಷದ ಹಿಂದೆ ನಮ್ಮವರು ದ್ರೋಹಿ ಎಂದಿದ್ದ ಅದೇ ಹುಡುಗ, ಮಣ್ಣಿನಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.

ನಾನು ಕೀಪರನ ತೋಳು ಹಿಡಿದು ಅವರ ಕೋಚಿನ ಬಳಿಗೆ ಕರೆದುಕೊಂಡು ಹೋದೆ. "ಹೇಗೆ ಹಿಡಿದೆ, ಹೇಳು."

"ಸರ್, ಹೇಳಿಬಿಟ್ಟರೆ ಮುಂದಿನ ವರ್ಷ?" ಎಂದು ಕಿವಿಯಲ್ಲಿ ಪಿಸುಗುಟ್ಟಿದ.

"ಹೇಳು."

ಹೇಳಿದ. ಹೆಬ್ಬೆರಳನ್ನು ತನ್ನ ಕಾಲಿನಲ್ಲೇ ತಿರುಗಿಸಿ ತೋರಿಸಿದ. ಅವರ ಕೋಚ್ ಒಂದು ಕ್ಷಣ ಸುಮ್ಮನಿದ್ದು, ಹುಡುಗನನ್ನು ಕರೆದು, ಚೆಂಡು ಇಟ್ಟು ಎರಡು ಸಲ ಹೊಡೆಸಿ ನೋಡಿದರು. ಸುತ್ತ ನಿಂತವರು ಒಬ್ಬೊಬ್ಬರಾಗಿ ಚದುರಿದರು. ಹುಡುಗ ನಮ್ಮಿಬ್ಬರ ಕಡೆ ನೋಡಿದ, ಮಾತನಾಡಲಿಲ್ಲ.

ಕತ್ತಲಾಗುವ ಹೊತ್ತಿಗೆ ಸೇತುವೆಯ ಮೇಲೆ ಲಾರಿಗಳ ಹಿಂದೆ ನಿಂತಿದ್ದೆವು. ಹಿಂದೆ ಕೂತಿದ್ದ ಕೀಪರ್ ಬಹಳ ಹೊತ್ತಿನ ಮೇಲೆ ಬಾಯಿ ತೆರೆದ.

"ಇನ್ನು ಅವನು ಹೆಬ್ಬೆರಳು ಬದಲಾಯಿಸುತ್ತಾನೆ ಸರ್. ನಾನು ಏನನ್ನು ನೋಡಲಿ?"

"ಸೊಂಟ ನೋಡು" ಎಂದೆ. "ನಾಳೆ ಐದೂವರೆಗೆ ಬಾ."